ಅರ್ಧ ಬ್ಯಾಂಡು, ಅಟ್ಟದ ಕಾಯಿ: ಒಂದು ಆಪ್ತಸಲಹೆ ಪ್ರಕರಣ

ಇದನ್ನು ಬರೆಯಲು ಆ ಹುಡುಗಿಯ ಒಪ್ಪಿಗೆ ಇದೆ. ಬರೆದ ಮೇಲೆ ಅವಳಿಗೇ ಓದಲು ಕೊಟ್ಟೆ. ಎರಡು ಕಡೆ ಹೊಡೆದು ಹಾಕಿಸಿದಳು. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. ಹೆಸರಂತೂ ಬೇಡ. ಅರಸೀಕೆರೆ ಕಡೆಯ ಹುಡುಗಿ ಅಂತ ಇಟ್ಟುಕೊಳ್ಳಿ. ತೆಂಗಿನ ತೋಟದ ಮನೆ, ವಯಸ್ಸು 23, ಬಿಇ ಆಗಿದೆ.

ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ನನ್ನ ಕೋಣೆಗೆ ಬಂದದ್ದು ಮಳೆಗಾಲದ ಒಂದು ಮಧ್ಯಾಹ್ನ. ಜೊತೆಗೆ ಅಮ್ಮ. ಮಾತು ಶುರು ಮಾಡಿದ್ದೂ ಅಮ್ಮನೇ. "ಊಟ ಬಿಟ್ಟಿದ್ದಾಳೆ ಮೇಡಂ. ರಾತ್ರಿ ಎರಡು ಗಂಟೆಗೆ ಎದ್ದು ಹಜಾರದಲ್ಲಿ ಕೂತಿರ್ತಾಳೆ. ನೆಂಟರು ಬಂದ್ರೆ ಒಳಗೆ ಹೋಗಿ ಬಾಗಿಲು ಹಾಕ್ಕೋತಾಳೆ. ಯಾರ ಕಣ್ಣು ಬಿತ್ತೋ ಏನೋ." ಕಣ್ಣಿನ ವಿಚಾರಕ್ಕೆ ನಾನು ಹೋಗಲಿಲ್ಲ. ಅಮ್ಮನನ್ನು ಕಾಫಿ ಕುಡಿದು ಬನ್ನಿ ಅಂತ ಹೊರಗೆ ಕಳಿಸಿದೆ.

ಅಮ್ಮ ಹೋದ ಮೇಲೆ ಹುಡುಗಿ ಬ್ಯಾಗಿನಿಂದ ಪ್ಲಾಸ್ಟಿಕ್ ಫೈಲ್ ತೆಗೆದು ನನ್ನ ಮುಂದಿಟ್ಟಳು. ಒಳಗೆ ಎರಡು ಅಂಕಪಟ್ಟಿ. ಐಇಎಲ್‌ಟಿಎಸ್, ಹುಡುಗರ ಬಾಯಲ್ಲಿ ಐಲ್ಟ್ಸ್. ಹೊರದೇಶದಲ್ಲಿ ಓದಬೇಕು ಅನ್ನುವವರ ಇಂಗ್ಲಿಷ್ ಅಳೆಯುವ ಪರೀಕ್ಷೆ. ಕೇಳೋದು, ಓದೋದು, ಬರೆಯೋದು, ಮಾತಾಡೋದು ಅಂತ ನಾಲ್ಕು ಭಾಗ. ಒಂದೊಂದಕ್ಕೂ 9ರವರೆಗೆ ಬ್ಯಾಂಡ್ ಕೊಡುತ್ತಾರೆ. ನಾಲ್ಕರ ಸರಾಸರಿಯೇ ಒಟ್ಟು ಬ್ಯಾಂಡ್.

ಐರ್ಲೆಂಡಿನ ಒಂದು ಯೂನಿವರ್ಸಿಟಿ ಅವಳಿಗೆ ಷರತ್ತಿನ ಮೇಲೆ ಸೀಟು ಕೊಟ್ಟಿತ್ತು. ಒಟ್ಟು 6.5 ಬರಬೇಕು, ಯಾವ ಭಾಗದಲ್ಲೂ 6ಕ್ಕಿಂತ ಕಡಿಮೆ ಇರಬಾರದು. ಮೊದಲ ಸಲ ಒಟ್ಟು 6 ಬಂತು, ಮಾತಾಡೋದ್ರಲ್ಲಿ 5. ಎರಡನೇ ಸಲ ಕೇಳೋದ್ರಲ್ಲಿ 7.5, ಓದೋದ್ರಲ್ಲಿ 7, ಬರೆಯೋದ್ರಲ್ಲಿ 6. ಒಟ್ಟು ಸರಿಯಾಗಿ 6.5. ಆದರೆ ಮಾತಾಡೋದ್ರಲ್ಲಿ 5.5.

ಅರ್ಧ ಬ್ಯಾಂಡು ಕಡಿಮೆ. ಒಂದೊಂದು ಸಲಕ್ಕೂ ಹದಿನೇಳು ಹದಿನೆಂಟು ಸಾವಿರ ಫೀಸು. ಬೆಂಗಳೂರಿಗೆ ಹೋಗಿ ಬರೋದು, ಅಲ್ಲಿ ಎರಡು ತಿಂಗಳ ಕೋಚಿಂಗು, ಪೀಜಿ ಬಾಡಿಗೆ ಬೇರೆ. "ಕೊಬ್ಬರಿ ಮಾರಿದ ದುಡ್ಡು ಮೇಡಂ" ಅಂದಳು. ಆಮೇಲೆ ತುಂಬ ಹೊತ್ತು ಮಾತೇ ಇಲ್ಲ.

ಇಂಥ ಕಡೆ ನಾನು ಸುತ್ತಿ ಬಳಸಿ ಕೇಳುವುದಿಲ್ಲ. ಬದುಕೋದೇ ಬೇಡ ಅನ್ನಿಸಿದೆಯಾ ಅಂತ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತೆ ಅಂತ ಜನ ಹೆದರುತ್ತಾರೆ. ಹೋಗಲ್ಲ. ಕೇಳಿಸಿಕೊಂಡವರಿಗೆ ಎಷ್ಟೋ ಹಗುರ ಆಗುತ್ತದೆ. "ಸಾಯಬೇಕು ಅಂತಲ್ಲ ಮೇಡಂ, ಯಾರ ಕಣ್ಣಿಗೂ ಬೀಳಬಾರದು ಅನ್ಸುತ್ತೆ" ಅಂದಳು. ಆದರೂ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416 ಬರೆದುಕೊಟ್ಟೆ. ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಅಮ್ಮನಿಗೂ ಅದೇ ನಂಬರ್ ಕೊಟ್ಟೆ. ನಿದ್ದೆ ಇನ್ನೊಂದು ವಾರ ಹೀಗೇ ಇದ್ದರೆ ಡಾಕ್ಟರ್ ಹತ್ತಿರ ಹೋಗೋಣ ಅಂತ ಮಾತಾಯಿತು. ಅದರ ಅಗತ್ಯ ಬೀಳಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಇಂಗ್ಲಿಷ್ ಮೇಷ್ಟ್ರಲ್ಲ. ಈ ಪರೀಕ್ಷೆಯಲ್ಲಿ ಸೋತು ಬಂದ ಮಕ್ಕಳಿಂದಲೇ ಅದನ್ನು ಕಲಿತದ್ದು. ಅವರಿಂದ ಕಲಿತ ಪಾಠ ಇಷ್ಟೇ, ಅಂಕಪಟ್ಟಿ ನೋಡೋದಕ್ಕಿಂತ ಆ ಕೋಣೆಯಲ್ಲಿ ಏನಾಯಿತು ಅಂತ ಕೇಳಬೇಕು. ಎರಡನೇ ಭೇಟಿಯಲ್ಲಿ ಕೇಳಿದೆ.

ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ಎದುರಿಗೆ ಒಬ್ಬ ಪರೀಕ್ಷಕರು. ಮೊದಲು ಊರು, ಮನೆ, ಓದು ಅಂತ ಸಣ್ಣಪುಟ್ಟ ಪ್ರಶ್ನೆ. ಆಮೇಲೆ ಒಂದು ಕಾರ್ಡು ಕೊಡುತ್ತಾರೆ. ಅದರಲ್ಲಿರುವ ವಿಷಯದ ಬಗ್ಗೆ ಒಂದು ನಿಮಿಷ ಯೋಚಿಸಿ, ಒಂದೆರಡು ನಿಮಿಷ ಒಬ್ಬರೇ ಮಾತಾಡಬೇಕು. ಕೊನೆಗೆ ಅದೇ ವಿಷಯ ಹಿಡಿದು ಸ್ವಲ್ಪ ಆಳದ ಚರ್ಚೆ.

ಅವಳಿಗೆ ಬಂದದ್ದು ನೀವು ನೋಡಿದ ಒಂದು ಹಳೆಯ ಕಟ್ಟಡದ ಬಗ್ಗೆ ಹೇಳಿ ಅಂತ. ಕೋಚಿಂಗಿನಲ್ಲಿ ತಾಜ್ ಮಹಲ್ ಬಾಯಿಪಾಠ ಮಾಡಿಸಿದ್ದರು. ಗಡಗಡ ಹೇಳಿದಳು. ಒಂದೂವರೆ ನಿಮಿಷ ಎಲ್ಲೂ ತಡೆಯಲಿಲ್ಲ. ಮುಗಿದ ಮೇಲೆ ಪರೀಕ್ಷಕರು ಸುಮ್ನೆ ಕೇಳಿದರಂತೆ, ಯಾರ ಜೊತೆ ಹೋಗಿದ್ರಿ ಅಂತ.

ಇವಳು ಆಗ್ರಾಕ್ಕೆ ಹೋಗೇ ಇಲ್ಲ.

ಸುಳ್ಳು ಹೇಳೋಕೆ ಇಂಗ್ಲಿಷ್ ಸಾಲಲಿಲ್ಲ, ನಿಜ ಹೇಳೋಕೆ ಧೈರ್ಯ ಸಾಲಲಿಲ್ಲ. ಗಂಟಲು ಒಣಗಿತು. ಅಲ್ಲಿಂದ ಮುಂದಿನ ಐದು ನಿಮಿಷ "ಎಸ್", "ನೋ", "ಐ ಥಿಂಕ್ ಸೋ" ಇಷ್ಟೇ.

"ಹಳೇಬೀಡು ನೋಡಿಲ್ವಾ?" ಅಂದೆ. ಸ್ಕೂಲಿಂದ ಮೂರು ಸಲ ಹೋಗಿದ್ದಾಳೆ. ಚಿಕ್ಕಪ್ಪನ ಮದುವೆ ದಿಬ್ಬಣದ ವ್ಯಾನು ಅಲ್ಲೇ ಕೆಟ್ಟು ನಿಂತು, ಎಲ್ಲರೂ ರೇಷ್ಮೆ ಸೀರೆಯಲ್ಲಿ ದೊಡ್ಡ ನಂದಿಯ ಎದುರು ಉಪ್ಪಿಟ್ಟು ತಿಂದಿದ್ದಾರೆ. "ಮತ್ತೆ ಅದನ್ನೇ ಹೇಳಬಹುದಿತ್ತಲ್ಲಮ್ಮ?"

"ಅದು ನಮ್ಮ ಪಕ್ಕದ್ದು ಮೇಡಂ. ಅದನ್ನೇನು ಇಂಗ್ಲಿಷಲ್ಲಿ ಹೇಳೋದು?"

ನನ್ನ ನೋಟ್‌ಬುಕ್ಕಿನಲ್ಲಿ ಈ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಅವಳ ಇಂಗ್ಲಿಷ್ ಕೆಟ್ಟದಾಗಿರಲಿಲ್ಲ. ಕೇಳೋದ್ರಲ್ಲಿ 7.5 ಸುಮ್ಮನೆ ಬರುತ್ತಾ? ಒಂದೇ ಸಲ ಕೇಳಿಸುತ್ತಾರೆ ಅಲ್ಲಿ. ತನ್ನ ಬದುಕಿನಲ್ಲಿ ಇಂಗ್ಲಿಷಿಗೆ ಹೊಂದುವಂಥದ್ದು ಏನೂ ಇಲ್ಲ ಅಂತ ಅವಳು ಯಾವಾಗಲೋ ತೀರ್ಮಾನ ಮಾಡಿಬಿಟ್ಟಿದ್ದಳು. ಹಾಗಾಗಿ ಬಾಯಿ ತೆರೆದಾಗೆಲ್ಲ ಬೇರೆಯವರ ಬದುಕನ್ನು ಸಾಲ ತರಬೇಕಿತ್ತು.

ಯಾವಾಗ ಅನ್ನೋದೂ ಗೊತ್ತಾಯಿತು. ಏಳನೇ ಕ್ಲಾಸಿನ ತನಕ ಊರಿನ ಕನ್ನಡ ಶಾಲೆ. ಎಂಟಕ್ಕೆ ಪೇಟೆಯ ಇಂಗ್ಲಿಷ್ ಮೀಡಿಯಂ. ಮೊದಲ ವಾರವೇ ನಿಲ್ಲಿಸಿ ಪಾಠ ಓದಿಸಿದರು. "ಯೆಲಿಫೆಂಟ್" ಅಂದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು, ಟೀಚರೂ ನಕ್ಕರು. ವರ್ಷ ಪೂರ್ತಿ ಅವಳ ಹೆಸರು ಯೆಲಿಫೆಂಟ್. ಕಾಡಾನೆ ಕಾಟದ ಸುದ್ದಿ ದಿನಾ ಬರೋ ಜಿಲ್ಲೆ ನಮ್ಮದು, ಆನೆ ಅನ್ನೋ ಪದಕ್ಕೇ ಒಂದು ಮಗು ಹತ್ತು ವರ್ಷ ಹೆದರಿಕೊಂಡು ಕೂತಿದೆ ನೋಡಿ.

ನಾವು ಕನ್ನಡದವರು ಎಕಾರದ ಮುಂದೆ ಒಂದು ಯಕಾರ, ಒಕಾರದ ಮುಂದೆ ಒಂದು ವಕಾರ ಸೇರಿಸೋದು ನಮ್ಮ ನಾಲಿಗೆಯ ಜಾಯಮಾನ. ಎಲೆಯನ್ನು ಯೆಲೆ ಅನ್ನಲ್ವಾ, ಒಲೆಯನ್ನು ವೊಲೆ ಅನ್ನಲ್ವಾ, ಹಾಗೆ. ಐಲ್ಟ್ಸಿನಲ್ಲಿ ಊರ ಧಾಟಿ ಇದೆ ಅಂತ ಬ್ಯಾಂಡ್ ಕಡಿಯುವುದಿಲ್ಲ. ಕೇಳುವವರಿಗೆ ಸುಲಭವಾಗಿ ಅರ್ಥ ಆಗುತ್ತಾ ಅಂತ ನೋಡುತ್ತಾರೆ. ಮಾತಿಗೆ ನಾಲ್ಕು ಅಳತೆ: ತಡೆಯಿಲ್ಲದೆ ಒಂದಕ್ಕೊಂದು ಹೊಂದುವಂತೆ ಹೇಳೋದು, ಪದಸಂಪತ್ತು, ವ್ಯಾಕರಣ, ಉಚ್ಚಾರ. ನಾಲ್ಕಕ್ಕೂ ಸಮ ತೂಕ. ಇವಳು ಉಚ್ಚಾರವನ್ನೇ ನೂರಕ್ಕೆ ನೂರು ಅಂದುಕೊಂಡಿದ್ದಳು. ಬಾಯಿಪಾಠದ ಉತ್ತರ ಗೊತ್ತಾದರೆ ಬ್ಯಾಂಡಿಗೆ ಪೆಟ್ಟು ಬೀಳುತ್ತೆ ಅನ್ನೋದನ್ನು ಮಾತ್ರ ಯಾರೂ ಅವಳಿಗೆ ಹೇಳಿರಲಿಲ್ಲ.

ಅಂದು ಅಮ್ಮ ನನಗೆ ಅಂತ ಒಂದು ಚೀಲ ತಂದಿದ್ದರು. ಉಡುಗೊರೆ ತೆಗೆದುಕೊಳ್ಳಬಾರದು ಅನ್ನೋದು ನಮ್ಮ ಕಸುಬಿನ ನಿಯಮ, ಬೇಡ ಅಂದೆ. ಆದರೆ ಒಂದು ಉಂಡೆ ಕೊಬ್ಬರಿ ತೆಗೆದು ಮೇಜಿನ ಮೇಲಿಟ್ಟೆ. "ಇದು ಹೇಗಾಗುತ್ತೆ? ನಾನು ಪೇಟೆಯವಳು, ನನಗೆ ಗೊತ್ತಿಲ್ಲ" ಅಂದೆ. ಅರ್ಧ ನಿಜ.

ಹುಡುಗಿ ಕನ್ನಡದಲ್ಲಿ ಶುರು ಮಾಡಿದಳು. ಬಲಿತ ಕಾಯನ್ನು ಸುಲಿಯದೆ ಅಟ್ಟಕ್ಕೆ ಹಾಕೋದು. ಹತ್ತು ಹನ್ನೊಂದು ತಿಂಗಳು ಅಲ್ಲೇ. ಒಳಗಿನ ನೀರು ತಾನಾಗಿ ಇಂಗುತ್ತೆ. ಕಾಯಿ ತಗೊಂಡು ಕಿವಿ ಹತ್ತಿರ ಅಲ್ಲಾಡಿಸಬೇಕು. ನೀರಿನ ಸದ್ದು ಬಂದ್ರೆ ಇನ್ನೂ ಆಗಿಲ್ಲ, ಲೊಡಲೊಡ ಅಂದ್ರೆ ಕೊಬ್ಬರಿ ಕರಟ ಬಿಟ್ಟಿದೆ ಅಂತ ಲೆಕ್ಕ. ಸುಲಿದು, ಉಂಡೆಗೆ ಪೆಟ್ಟಾಗದ ಹಾಗೆ ಕರಟ ಒಡೀಬೇಕು. ಉಂಡೆ ಒಡೆದರೆ ತಿಪಟೂರು ಮಾರ್ಕೆಟ್ಟಲ್ಲಿ ರೇಟು ಇಳಿಯುತ್ತೆ. ಮೇಜಿನ ಮೇಲಿದ್ದ ಉಂಡೆ ತಗೊಂಡು ಕಿವಿ ಹತ್ತಿರ ಅಲ್ಲಾಡಿಸುವ ಹಾಗೆ ಮಾಡಿ ತೋರಿಸಿದಳು. ಎರಡು ಭೇಟಿಯಲ್ಲಿ ಅವಳ ಕೈ ಎದ್ದದ್ದು ಅದೇ ಮೊದಲು.

"ಈಗ ಇಂಗ್ಲಿಷಲ್ಲಿ." ಮುಖ ಬಾಡಿತು. "ಅಟ್ಟಕ್ಕೆ ಏನಂತಾರೆ ಮೇಡಂ?"

"ಗೊತ್ತಿಲ್ಲ ಅಂತಲೇ ಇಟ್ಟುಕೋ. ಅಟ್ಟ ಅಂತ ಹೇಳಿ, ಅದೇನು ಅಂತ ಬಿಡಿಸಿ ಹೇಳು."

"ವಿ ಹ್ಯಾವ್ ಅಟ್ಟ. ಇಟ್ ಈಸ್ ಅ ಪ್ಲೇಸ್ ಅಂಡರ್ ದ ರೂಫ್" ಅಂತ ಶುರುವಾಯಿತು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. 1 ನಿಮಿಷ 50 ಸೆಕೆಂಡು. ವಾಪಸ್ ಕೇಳಿಸಿದಾಗ ಅವಳು ಪೆನ್ನು ಹಿಡಿದು ತಪ್ಪು ಎಣಿಸುತ್ತಾ ಕೂತಳು. ನಾಲ್ಕು. ನನಗೆ ಎಷ್ಟು ಅರ್ಥವಾಯಿತು ಅಂತ ಕೇಳು ಅಂದೆ. ಕೇಳಲಿಲ್ಲ, ನಕ್ಕಳು. ಗೊತ್ತಿಲ್ಲದ ಪದವನ್ನು ಗೊತ್ತಿರೋ ಪದಗಳಲ್ಲಿ ಬಿಡಿಸಿ ಹೇಳೋದಕ್ಕೆ ಆ ಪರೀಕ್ಷೆಯಲ್ಲಿ ಬೆಲೆ ಇದೆ. ಅದೂ ಪದಸಂಪತ್ತಿನ ಲೆಕ್ಕಕ್ಕೇ ಬರುತ್ತೆ.

ಮನೆಗೆ ಕೊಟ್ಟ ಕೆಲಸ ಹೆಚ್ಚೇನಿಲ್ಲ. ದಿನಾ ಒಂದು ವಿಷಯ, ಎರಡು ನಿಮಿಷ, ಫೋನಿಗೆ ಹೇಳೋದು. ವಿಷಯ ಮನೆಯದೇ ಇರಬೇಕು: ಕೆಟ್ಟು ನಿಂತ ಬೋರ್‌ವೆಲ್ಲು, ಅಜ್ಜಿಯ ಎಲೆ ಅಡಿಕೆ ಚೀಲ, ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲು ಕಾಯೋದು. ಮೊದಲ ವಾರ ಯಾರೂ ಕೇಳೋದು ಬೇಡ. ಎರಡನೇ ವಾರ ಕಾಲೇಜಿನ ಒಬ್ಬ ಗೆಳತಿಗೆ ಕಳಿಸೋದು. ಮೂರನೇ ವಾರ ಪರಿಚಯದ ಒಬ್ಬರು ಇಂಗ್ಲಿಷ್ ಮೇಷ್ಟ್ರ ಎದುರು ಕೂತು ಮಾತಾಡೋದು. ಮಧ್ಯೆ ಅವರು ಬೇಕಂತಲೇ ಅಡ್ಡ ಪ್ರಶ್ನೆ ಹಾಕಬೇಕು. ಭಯವನ್ನು ಒಂದೊಂದೇ ಮೆಟ್ಟಿಲು ಇಳಿಸೋದು ಅಂದರೆ ಇದು. ಉಸಿರಾಟದ ಅಭ್ಯಾಸವನ್ನೂ ಹೇಳಿಕೊಟ್ಟೆ. ಅದನ್ನು ಮಾಡಿದಳೋ ಇಲ್ಲವೋ, ನನಗೆ ಅನುಮಾನ.

ಮೂರನೇ ಭೇಟಿಗೆ ಅಪ್ಪನನ್ನು ಕರೆಸಿದೆ. ಬಿಳಿ ಅಂಗಿ, ಕೈಯಲ್ಲಿ ಟವೆಲ್ಲು. ಕುರ್ಚಿಯ ತುದಿಯಲ್ಲಿ ಕೂತರು. "ಎರಡು ಸಲ ಹೋಯ್ತು ಅಂತ ಒಂದು ಮಾತು ಅಂದಿದ್ದೀನಾ ಕೇಳಿ ಮೇಡಂ. ಒಂದೇ ಒಂದು ಮಾತೂ ಆಡಿಲ್ಲ."

"ಅದೇ ಅಪ್ಪ," ಅಂದಳು ಮಗಳು. "ಎರಡು ತಿಂಗಳಿಂದ ಒಂದು ಮಾತೂ ಆಡಿಲ್ಲ ನೀನು."

ಅವರು ಟವೆಲ್ಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ದುಡ್ಡಿನ ಮಾತು ತೆಗೆದರೆ ಮಗಳಿಗೆ ನೋವಾಗುತ್ತೆ ಅಂತ ಬಾಯಿ ಕಟ್ಟಿಕೊಂಡಿದ್ದರು. ಬಾಯಿ ಕಟ್ಟಿಕೊಂಡರೆ ಯಾವ ಮಾತೂ ಹೊರಗೆ ಬರಲ್ಲ, ಊಟ ಆಯ್ತಾ ಅನ್ನೋದು ಕೂಡ. ಇನ್ನೊಂದು ಸಲಕ್ಕೆ ಎಷ್ಟಾಗುತ್ತೆ, ಅದೂ ಹೋದರೆ ಮುಂದೇನು ಅಂತ ಮೂವರೂ ಕೂತು ಲೆಕ್ಕ ಹಾಕಿದೆವು. ಮನೆಯಲ್ಲಿ ಅವಳ ಮದುವೆ ಮಾತೂ ಎದ್ದಿತ್ತು. ಅದನ್ನು ಎತ್ತಿದ್ದು ಸೋದರತ್ತೆ, ಅಪ್ಪ ಅಲ್ಲ ಅನ್ನೋದೂ ಅಂದೇ ಗೊತ್ತಾಗಿದ್ದು.

ಪರೀಕ್ಷೆಯ ಬಗ್ಗೆ ಕೊಟ್ಟ ಸಲಹೆಗೆ ಬರುತ್ತೇನೆ. ಕೋಚಿಂಗಿನವರು ಮತ್ತೆ ಪೂರ್ತಿ ಪರೀಕ್ಷೆ ಕಟ್ಟು ಅಂದಿದ್ದರು. ಕಂಪ್ಯೂಟರಿನಲ್ಲಿ ಐಲ್ಟ್ಸ್ ಬರೆದವರು ನಾಲ್ಕರಲ್ಲಿ ಒಂದು ಭಾಗವನ್ನು ಮಾತ್ರ ಮತ್ತೆ ಬರೆಯಬಹುದು. ಒಂದೇ ಸಲ, ಆ ಪೂರ್ತಿ ಪರೀಕ್ಷೆ ಬರೆದ ದಿನದಿಂದ 60 ದಿನದೊಳಗೆ. ಫೀಸೂ ಕಡಿಮೆ. ಅವಳು ನನ್ನ ಹತ್ತಿರ ಬಂದಾಗ ಎರಡನೇ ಪರೀಕ್ಷೆ ಬರೆದು 19 ದಿನ ಆಗಿತ್ತು. ಆದರೆ ಎಲ್ಲ ಯೂನಿವರ್ಸಿಟಿಯೂ ಇದನ್ನು ಒಪ್ಪಲ್ಲ. ಆದ್ದರಿಂದ ದುಡ್ಡು ಕಟ್ಟೋ ಮೊದಲು ಅಡ್ಮಿಷನ್ ಆಫೀಸಿಗೆ ಇಮೇಲ್ ಹಾಕಿಸಿದೆ. ಆ ನಾಲ್ಕು ಸಾಲನ್ನು ಅವಳೇ ಬರೆದಳು, ನಾನು ಮುಟ್ಟಲಿಲ್ಲ. ಒಪ್ಪುತ್ತೇವೆ ಅಂತ ಉತ್ತರ ಬಂತು.

ಮರುಮೌಲ್ಯಮಾಪನಕ್ಕೆ ಹಾಕಲಾ ಅಂತಲೂ ಕೇಳಿದಳು. ಆರು ವಾರದೊಳಗೆ ಹಾಕಬಹುದು, ಬ್ಯಾಂಡ್ ಏರಿದರೆ ಆ ಫೀಸು ವಾಪಸ್ಸು. "ಆಗ್ರಾಕ್ಕೆ ಯಾರ ಜೊತೆ ಹೋಗಿದ್ದೆ ಅಂತ ಈಗ ಹೇಳ್ತೀಯಾ?" ಅಂದೆ. ಆ ಯೋಚನೆ ಅಲ್ಲಿಗೇ ಬಿಟ್ಟಳು. ಪಿಟಿಇ, ಟೋಫೆಲ್ ಅಂತ ಇಂಥವೇ ಬೇರೆ ಇಂಗ್ಲಿಷ್ ಪರೀಕ್ಷೆಗಳಿವೆ, ಅವುಗಳಲ್ಲಿ ಕಂಪ್ಯೂಟರಿಗೆ ಮಾತಾಡಿದರೆ ಸಾಕು, ಎದುರಿಗೆ ಮನುಷ್ಯರು ಇರಲ್ಲ, ಅದಕ್ಕೆ ಹೋಗಲಾ ಅನ್ನೋದು ಇನ್ನೊಂದು ಪ್ರಶ್ನೆ. ಕೆಲವರಿಗೆ ಅದೇ ಸರಿ, ಹಾಗೇ ಹೇಳಿ ಕಳಿಸಿದ್ದೂ ಇದೆ. ಇವಳಿಗೆ ಬೇಡ ಅಂದೆ. ನಾಳೆ ಕ್ಲಾಸಿನಲ್ಲಿ ಮನುಷ್ಯರ ಎದುರೇ ಮಾತಾಡಬೇಕು ತಾನೇ? ಇದರಲ್ಲಿ ನನ್ನ ಹಟವೂ ಸ್ವಲ್ಪ ಇತ್ತು ಅಂತ ಈಗ ಅನ್ನಿಸುತ್ತದೆ. ಅರ್ಧ ಬ್ಯಾಂಡು ಮತ್ತೆ ತಪ್ಪಿದ್ದರೆ ಕಷ್ಟ ಪಡುತ್ತಿದ್ದವಳು ಅವಳು, ನಾನಲ್ಲ.

52ನೇ ದಿನ ಬೆಂಗಳೂರಿಗೆ ಹೋದಳು. ಈ ಸಲ ಜೊತೆಗೆ ಅಪ್ಪ. ಮೂರನೇ ದಿನಕ್ಕೆ ಫಲಿತಾಂಶ ಬಂತು. ಮಾತಾಡೋದ್ರಲ್ಲಿ 6. ಬೇಕಾದಷ್ಟೇ, ಒಂದು ಕೂದಲೂ ಜಾಸ್ತಿ ಇಲ್ಲ.

ಕೊಬ್ಬರಿ, ಹಳೇಬೀಡು ಎರಡೂ ಬರಲಿಲ್ಲವಂತೆ. ನಿಮಗೆ ಏನಾದರೂ ಕಲಿಸಿದ ಒಬ್ಬ ಹಿರಿಯರ ಬಗ್ಗೆ ಹೇಳಿ ಅಂತ ಬಂತಂತೆ. ಅಜ್ಜಿ ಕಾಯಿ ಅಲ್ಲಾಡಿಸಿ ಸದ್ದು ಕೇಳೋದು ಕಲಿಸಿದ್ದನ್ನು ಹೇಳಿದಳು. ಅಜ್ಜಿ ಈಗಲೂ ಅಟ್ಟ ಹತ್ತುತ್ತಾರಾ ಅಂತ ಪರೀಕ್ಷಕರು ಕೇಳಿದರು. ಇಲ್ಲ, ಈಗ ಕೆಳಗೆ ನಿಂತು ಬೈತಾರೆ ಅಂದಳಂತೆ.

"ಮಧ್ಯೆ ಒಂದು ಕಡೆ 'ಯೆವರಿ ಡೇ' ಅಂದುಬಿಟ್ಟೆ ಮೇಡಂ. ಅಂದ ತಕ್ಷಣ ಗೊತ್ತಾಯ್ತು."

"ಆಮೇಲೆ?"

"ಆಮೇಲೆ ಏನು, ಅಜ್ಜಿ ಕಥೆ ಇನ್ನೂ ಬಾಕಿ ಇತ್ತಲ್ಲ."