ಹಾಡಿನ ಹಿಂದಿನ ‘ಶ್’ ಸದ್ದು ಎಲ್ಲಿಂದ ಬರುತ್ತಿದೆ, ಮೊದಲು ಅದನ್ನು ಹುಡುಕಿ

ನಮಸ್ಕಾರ. ನೀವು ಹಾಕಿದ ಎರಡೂ ಕ್ಲಿಪ್ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ನಿಮ್ಮ ತೊಂದರೆ ಇಷ್ಟು ಅಲ್ವಾ: ಮನೆಯ ಕೋಣೆಯಲ್ಲಿ ಕಂಡೆನ್ಸರ್ ಮೈಕ್ (ಸಣ್ಣ ಸದ್ದನ್ನೂ ಹಿಡಿಯುವ ಮೈಕ್) ಇಟ್ಟು ಟ್ರ್ಯಾಕ್ (ಹಿನ್ನೆಲೆ ಸಂಗೀತ) ಮೇಲೆ ಹಾಡಿದ್ದೀರಿ. ದನಿಯ ಹಿಂದೆ ‘ಶ್’ ಅಂತ ಒಂದೇ ಸಮನೆ ಸದ್ದು. ನಾಯ್ಸ್ ರಿಡಕ್ಷನ್ ಹಾಕಿದರೆ ಸದ್ದು ಹೋಗುತ್ತದೆ, ಆದರೆ ದನಿ ನೀರಿನೊಳಗಿಂದ ಬಂದ ಹಾಗೆ ಆಗುತ್ತದೆ. ಆಮೇಲೆ ಕಂಪ್ರೆಸರ್ (ಜೋರು ದನಿಯನ್ನು ಒತ್ತಿ ಮಟ್ಟ ಸಮ ಮಾಡುವ ಎಫೆಕ್ಟ್) ಹಾಕಿದರೆ ಉಳಿದಿದ್ದ ಸದ್ದು ಮತ್ತೆ ಎದ್ದು ಕೂರುತ್ತದೆ. ಇದಕ್ಕೆ ಯಾವ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸೇರಿಸುವ ಎಫೆಕ್ಟ್) ಒಳ್ಳೆಯದು ಅಂತ ಕೇಳಿದ್ದೀರಿ.

ಪ್ಲಗಿನ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಎರಡನೇ ಕ್ಲಿಪ್‌ನಲ್ಲಿ ಮೊದಲ ಸಾಲು ಮುಗಿದು ಉಸಿರು ತೆಗೆದುಕೊಳ್ಳುವ ಜಾಗ ಇದೆಯಲ್ಲ, ಅದನ್ನು ಸ್ವಲ್ಪ ಜೋರಾಗಿ ಇಟ್ಟು ಕೇಳಿ. ಉಸಿರು ಅರ್ಧಕ್ಕೇ ತುಂಡಾಗಿದೆ. ಅದರ ಕೊನೆಯಲ್ಲಿ ಸಣ್ಣಗೆ ಕಿಣಿಕಿಣಿ ಅನ್ನುವ ಸದ್ದು ಇದೆ. ‘ಸ’, ‘ಶ’ ಬಂದ ಕಡೆಯೆಲ್ಲ ಅಕ್ಷರ ಮಂಕಾಗಿದೆ. ಮೊದಲ ಕ್ಲಿಪ್‌ನಲ್ಲಿ ಇವೆಲ್ಲ ಚೆನ್ನಾಗಿಯೇ ಇದ್ದವು. ಹಿಸ್, ಅಂದರೆ ಈ ‘ಶ್’ ಸದ್ದು, ಹರಡಿಕೊಂಡಿರುವ ಮೇಲಿನ ಸ್ವರಗಳ ಜಾಗದಲ್ಲೇ ನಿಮ್ಮ ‘ಸ’ಕಾರವೂ ಇದೆ, ಉಸಿರೂ ಇದೆ. ಒಂದನ್ನು ಕೆರೆದು ತೆಗೆದರೆ ಇನ್ನೊಂದೂ ಜೊತೆಗೆ ಹೋಗುತ್ತದೆ. ಒಂದೇ ಏಟಿಗೆ 20 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ತೆಗೆ ಅಂದರೆ ಎಂಥ ದುಬಾರಿ ಸಾಫ್ಟ್‌ವೇರ್ ಆದರೂ ದನಿಗೆ ಪೆಟ್ಟು ಬೀಳುತ್ತದೆ. ಆದ್ದರಿಂದ ಮೈಕ್‌ಗೆ ಬೀಳುವ ಮೊದಲೇ ಆದಷ್ಟು ಸದ್ದು ಕಡಿಮೆ ಮಾಡೋಣ. ಉಳಿದದ್ದಕ್ಕೆ ಮಾತ್ರ ಪ್ಲಗಿನ್ ಸಾಕು.

ಹೊಸದೇನನ್ನೂ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಹಾಡುವಾಗ ಇಡುವ ಗೇನ್‌ನಲ್ಲೇ (ಮೈಕಿನ ಸದ್ದನ್ನು ಎಷ್ಟು ಏರಿಸಬೇಕು ಅನ್ನುವ ಮಟ್ಟ), ಮೈಕ್ ಇದ್ದ ಜಾಗದಲ್ಲೇ, ಅರ್ಧ ನಿಮಿಷ ಸುಮ್ನೆ ಕೂತು ರೆಕಾರ್ಡ್ ಮಾಡಿ. ಆಮೇಲೆ ಫ್ಯಾನ್ ಆರಿಸಿ ಇನ್ನೊಂದು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಇನ್ನೊಂದು. ಲೈಟಿನ ಡಿಮ್ಮರ್, ಪಕ್ಕದಲ್ಲಿರುವ ಹಾರ್ಡ್ ಡಿಸ್ಕ್, ಮೊಬೈಲ್, ಹೀಗೆ ಒಂದೊಂದಾಗಿ ದೂರ ಮಾಡುತ್ತಾ ಹೋಗಿ. ಕೊನೆಯಲ್ಲಿ ಸ್ಪೀಕರ್ ವಾಲ್ಯೂಮ್ ಪೂರ್ತಿ ಇಳಿಸಿ, ಫ್ಯಾಂಟಮ್ ಪವರ್ (ಕೇಬಲ್ ಮೂಲಕ ಮೈಕ್‌ಗೆ ಹೋಗುವ ಕರೆಂಟ್) ಆರಿಸಿ, ಮೈಕ್ ಕೇಬಲ್ ಕಿತ್ತು, ಅದೇ ಗೇನ್‌ನಲ್ಲಿ ಒಂದು ರೆಕಾರ್ಡ್ ಮಾಡಿ. ಎಲ್ಲವನ್ನೂ ಒಂದರ ಕೆಳಗೊಂದು ಇಟ್ಟು, ಎಲ್ಲಕ್ಕೂ ಒಂದೇ ಅಳತೆಯಲ್ಲಿ ಜೋರು ಮಾಡಿ ಕೇಳಿ. ಮೀಟರ್ ಎಲ್ಲಿ ದಬಕ್ಕನೆ ಇಳಿಯಿತೋ ಅಲ್ಲಿ ಸದ್ದಿನ ಮೂಲ ಸಿಕ್ಕಿತು.

ಮೈಕ್ ಕಿತ್ತ ಮೇಲೂ ಹಿಸ್ ಹಾಗೇ ಇದ್ದರೆ ಅದು ಇಂಟರ್‌ಫೇಸಿನ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ) ಪ್ರೀಆಂಪ್‌ನದ್ದು, ಅಂದರೆ ಮೈಕಿನ ಸದ್ದನ್ನು ಏರಿಸುವ ಭಾಗದ್ದು. ಮೈಕ್ ಕಿತ್ತ ಕೂಡಲೇ ಬಿದ್ದುಹೋದರೆ ಕೋಣೆಯದ್ದು, ಇಲ್ಲವೇ ಮೈಕಿನೊಳಗಿನದ್ದು. ಈ ಎರಡರಲ್ಲಿ ಯಾವುದು ಅಂತ ತಿಳಿಯಬೇಕಾದರೆ ಮೈಕನ್ನು ದಪ್ಪ ಹೊದಿಕೆಯಲ್ಲಿ ಸುತ್ತಿ, ಬಟ್ಟೆ ತುಂಬಿದ ಬೀರುವಿನೊಳಗೆ ಇಟ್ಟು ರೆಕಾರ್ಡ್ ಮಾಡಿ. ಆಗಲೂ ಅಷ್ಟೇ ಹಿಸ್ ಇದ್ದರೆ ಮೈಕಿನದ್ದೇ. ನಿಮ್ಮ ಕ್ಲಿಪ್ ಕೇಳಿದರೆ ನನಗೆ ಕೋಣೆಯ ಸದ್ದೇ ಜಾಸ್ತಿ ಅನ್ನಿಸುತ್ತದೆ. ಆ ‘ಶ್’ ಒಳಗೆ ಒಂದು ಲಯದಲ್ಲಿ ಏರಿ ಇಳಿಯುವ ಸದ್ದು ಸಣ್ಣಗೆ ಕೇಳುತ್ತದೆ. ಪ್ರೀಆಂಪ್‌ನ ಹಿಸ್ ಹಾಗೆ ಏರಿಳಿಯುವುದಿಲ್ಲ. ತಿರುಗುವ ವಸ್ತು ಏನೋ ಹತ್ತಿರದಲ್ಲಿದೆ. ಲ್ಯಾಪ್‌ಟಾಪಿನ ಫ್ಯಾನ್ ಇರಬಹುದು, ನೋಡಿ. ಹಾಡುವ ಮೊದಲು ಬ್ರೌಸರ್ ಎಲ್ಲ ಮುಚ್ಚಿ, ಲ್ಯಾಪ್‌ಟಾಪನ್ನು ಮೈಕಿನಿಂದ ಆದಷ್ಟು ದೂರ ಇಡಿ. ಮೈಕ್ ಸ್ಟ್ಯಾಂಡ್ ಇರುವ ಮೇಜಿನ ಮೇಲೆ ಮಾತ್ರ ಬೇಡ. ಗಾಳಿಯಲ್ಲಿ ಬರುವ ಸದ್ದಿನ ಜೊತೆಗೆ ಮೇಜಿನ ನಡುಕವೂ ಸ್ಟ್ಯಾಂಡ್ ಹತ್ತಿ ಮೈಕ್‌ಗೆ ಬರುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಮೈಕ್ ಬಾಯಿಂದ 40 ಸೆಂಟಿಮೀಟರ್ ದೂರ ಇದೆ ಅಂದಿದ್ದೀರಿ. ಅದನ್ನು 20ಕ್ಕೆ ತನ್ನಿ, ನಿಮ್ಮ ದನಿ ಮೈಕ್‌ಗೆ ಸುಮಾರು 6 ಡಿಬಿ ಜೋರಾಗಿ ಬೀಳುತ್ತದೆ. 10ಕ್ಕೆ ತನ್ನಿ, ಇನ್ನೂ 6. ಕೋಣೆಯ ಸದ್ದು ಮಾತ್ರ ಇದ್ದ ಹಾಗೇ ಇರುತ್ತದೆ, ಯಾಕೆಂದರೆ ಅದು ಎಲ್ಲ ಕಡೆಯಿಂದ ಬರುತ್ತಿದೆ. ಈಗ ಗೇನ್ 12 ಡಿಬಿ ಇಳಿಸಿದರೆ ದನಿ ಮೊದಲಿನಷ್ಟೇ, ಹಿಂದಿನ ಸದ್ದು 12 ಡಿಬಿ ಕಡಿಮೆ. ದನಿಗೆ ಒಂದು ಗೀರೂ ಬೀಳದೆ ಇಷ್ಟು ಶುದ್ಧ ಮಾಡುವ ಪ್ಲಗಿನ್ ನಾನು ನೋಡಿಲ್ಲ. ಗೋಡೆಗೆ ತಾಗಿ ವಾಪಸ್ ಬರುವ ಗುಂಗು ಕೂಡ ಇದರಿಂದಲೇ ತಗ್ಗುತ್ತದೆ.

ಹತ್ತಿರ ಹೋದರೆ ಎರಡು ತೊಂದರೆ ಬರುತ್ತವೆ. ಒಂದು, ದನಿಯ ತಳಭಾಗ ದಪ್ಪವಾಗುತ್ತದೆ. ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕ್‌ಗಳ ಗುಣವೇ ಅದು. ಈಕ್ಯೂನಲ್ಲಿ (ಈಕ್ವಲೈಜರ್) ಕೆಳಗಿನ ಸ್ವರಗಳನ್ನು ಸ್ವಲ್ಪ ಇಳಿಸಿದರೆ ಸರಿಹೋಗುತ್ತದೆ. ಇನ್ನೊಂದು, ‘ಪ’, ‘ಬ’, ‘ಭ’ ಬಂದಾಗ ಧಪ್ ಅಂತ ಗಾಳಿ ಹೊಡೆಯುತ್ತದೆ. ಪಾಪ್ ಫಿಲ್ಟರ್ ಹಾಕಿ, ಮೈಕ್ ಬಾಯಿಯ ನೇರಕ್ಕೆ ಇರದ ಹಾಗೆ ಸ್ವಲ್ಪ ಪಕ್ಕಕ್ಕೆ ಸರಿಸಿ, ಆದರೆ ಮುಖ ನಿಮ್ಮ ಬಾಯಿಯ ಕಡೆಗೇ ಇರಲಿ. ಗಾಳಿ ಪಕ್ಕದಲ್ಲಿ ಹಾದುಹೋಗುತ್ತದೆ, ದನಿ ಮೈಕ್‌ಗೆ ಸಿಗುತ್ತದೆ. ಹತ್ತಿರ ನಿಂತಾಗ ತಲೆ ಒಂದಿಷ್ಟು ಅಲುಗಿದರೂ ದನಿಯ ಮಟ್ಟ ಏರುಪೇರಾಗುತ್ತದೆ. 10 ಸೆಂಟಿಮೀಟರ್ ಕಷ್ಟ ಅನಿಸಿದರೆ 15ರಲ್ಲಿ ನಿಲ್ಲಿ. ಮೇಲಿನ ಸ್ವರಕ್ಕೆ ಹೋಗುವಾಗ ಅರ್ಧ ಹೆಜ್ಜೆ ಹಿಂದೆ ಸರಿಯುವ ಅಭ್ಯಾಸವೂ ಒಳ್ಳೆಯದೇ.

ಮೈಕಿನ ಬೆನ್ನು ಯಾವ ಕಡೆಗಿದೆ ಅನ್ನುವುದನ್ನೂ ಗಮನಿಸಿ. ಕಾರ್ಡಿಯಾಯ್ಡ್ ಮೈಕ್‌ಗೆ ನೇರ ಹಿಂಭಾಗದ ಸದ್ದು ತುಂಬಾ ಕಡಿಮೆ ಕೇಳುತ್ತದೆ. ಲ್ಯಾಪ್‌ಟಾಪ್, ಕಿಟಕಿ ಇಂಥವು ಆ ಬೆನ್ನಿನ ಕಡೆಗೆ ಬರುವ ಹಾಗೆ ನಿಂತುಕೊಳ್ಳಿ. ನಿಮ್ಮ ಬೆನ್ನ ಹಿಂದೆ, ಅಂದರೆ ಮೈಕಿನ ಮುಖ ನೋಡುತ್ತಿರುವ ಕಡೆ, ಬಟ್ಟೆಯ ಬೀರು ತೆರೆದಿರಲಿ ಅಥವಾ ದಪ್ಪ ಕಂಬಳಿ ತೂಗುಹಾಕಿ. ಸೂಪರ್‌ಕಾರ್ಡಿಯಾಯ್ಡ್ ಆದರೆ ಲೆಕ್ಕ ಬೇರೆ. ಅದು ಅತಿ ಕಡಿಮೆ ಕೇಳುವುದು ಮುಂಭಾಗದಿಂದ ಸುಮಾರು 126 ಡಿಗ್ರಿಯಲ್ಲಿ, ಎರಡೂ ಪಕ್ಕದ ಹಿಂಬದಿಯಲ್ಲಿ. ನೇರ ಹಿಂದೆ ಸ್ವಲ್ಪ ಕೇಳಿಸುತ್ತದೆ.

ಗೋಡೆಗೆ ಫೋಮ್ ಅಂಟಿಸಿದರೆ ಹೊರಗಿನ ವಾಹನದ ಸದ್ದು ನಿಲ್ಲುತ್ತದಾ ಅಂತ ಇನ್ನೊಬ್ಬರು ಕೇಳಿದ್ದಾರೆ. ನಿಲ್ಲುವುದಿಲ್ಲ. ಫೋಮ್ ಒಳಗಿನ ಪ್ರತಿಧ್ವನಿಯನ್ನು ಹೀರುತ್ತದೆ, ಅದೂ ಮೇಲಿನ ಸ್ವರಗಳನ್ನು. 100 ಹರ್ಟ್ಸ್ ಸದ್ದಿನ ಒಂದು ಅಲೆಯೇ ಸುಮಾರು 3.4 ಮೀಟರ್ ಉದ್ದ, ಎರಡು ಬೆರಳು ದಪ್ಪದ ಫೋಮ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹೊರಗಿನ ಸದ್ದು ತಡೆಯಲು ತೂಕ ಬೇಕು, ಬಿರುಕು ಮುಚ್ಚಿರಬೇಕು. ಬಾಡಿಗೆ ಮನೆಯಲ್ಲಿ ಅದೆಲ್ಲ ಆಗದ ಮಾತು. ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ತುರುಕಿ, ಹೊರಗೆ ಶಾಂತವಾಗಿರುವ ಹೊತ್ತು ನೋಡಿ ಹಾಡಿ.

ಗೇನ್ ಬಗ್ಗೆ ಒಂದು ಮಾತು. ಮೀಟರ್ ಕೆಂಪಿನ ಹತ್ತಿರ ಹೋಗಲೇಬೇಕು ಅಂದುಕೊಂಡು ಗೇನ್ ಏರಿಸಿದ್ದೀರಿ. ಬೇಕಾಗಿಲ್ಲ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಅತಿ ಜೋರಾದ ಸ್ವರ ಮೀಟರಿನಲ್ಲಿ ಮೈನಸ್ 12ರಿಂದ ಮೈನಸ್ 10 ಡಿಬಿ ಹತ್ತಿರ ಮುಟ್ಟಿದರೆ ಸಾಕು. ಆದರೆ ಬರೀ ಗೇನ್ ಇಳಿಸಿದರೆ ಕೋಣೆಯ ಸದ್ದು ಹೋಗುತ್ತದೆ ಅಂತಲೂ ತಿಳಿಯಬೇಡಿ. ಎರಡೂ ಒಟ್ಟಿಗೇ ಇಳಿಯುತ್ತವೆ, ಒಟ್ಟಿಗೇ ಏರುತ್ತವೆ. ಹತ್ತಿರ ಬಂದು ಇಳಿಸಿದಾಗ ಮಾತ್ರ ಲಾಭ. ಡೈನಾಮಿಕ್ ಮೈಕ್ (ವೇದಿಕೆಯಲ್ಲಿ ಕೈಯಲ್ಲಿ ಹಿಡಿಯುವಂಥದ್ದು) ಕೊಂಡರೆ ಕೋಣೆಯ ಸದ್ದು ಬರಲ್ಲ ಅನ್ನುವ ಸಲಹೆಯನ್ನೂ ಇಲ್ಲಿ ಒಬ್ಬರು ಕೊಟ್ಟಿದ್ದಾರೆ. ಅಷ್ಟೇ ದೂರದಲ್ಲಿ ಇಟ್ಟು, ದನಿ ಅಷ್ಟೇ ಮಟ್ಟಕ್ಕೆ ಬರುವ ಹಾಗೆ ಗೇನ್ ಏರಿಸಿದರೆ ಹೆಚ್ಚು ಕಡಿಮೆ ಅದೇ ಸದ್ದು ಬರುತ್ತದೆ. ಡೈನಾಮಿಕ್ ಮೈಕನ್ನು ಜನ ಬಾಯಿಗೆ ಹತ್ತಿರ ಹಿಡಿಯುತ್ತಾರೆ, ಗುಟ್ಟು ಅಲ್ಲಿದೆ. ಮೇಲಾಗಿ ಕೆಲವು ಡೈನಾಮಿಕ್ ಮೈಕ್‌ಗಳಿಗೆ 60 ಡಿಬಿಯಷ್ಟು ಗೇನ್ ಬೇಕು, ಆಗ ಸಾಧಾರಣ ಇಂಟರ್‌ಫೇಸಿನ ಹಿಸ್ ಹೊಸದಾಗಿ ಸೇರಿಕೊಳ್ಳುತ್ತದೆ.

‘ಗುಂಯ್’ ಅನ್ನುವ ಸದ್ದು ಇದ್ದವರಿಗೆ ಇದು. ನಿಮ್ಮ ಕರೆಂಟು 50 ಹರ್ಟ್ಸ್ ಆದರೆ 50, 100, 150ರಲ್ಲಿ, 60 ಆದರೆ 60, 120, 180ರಲ್ಲಿ ಸ್ಪೆಕ್ಟ್ರಮ್‌ನಲ್ಲಿ (ಯಾವ ಹರ್ಟ್ಸ್‌ನಲ್ಲಿ ಎಷ್ಟು ಸದ್ದು ಅಂತ ತೋರಿಸುವ ಚಿತ್ರ) ಮುಳ್ಳಿನ ಹಾಗೆ ಗೆರೆ ಎದ್ದಿರುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದಾಗ ನಿಂತರೆ ಗ್ರೌಂಡ್ ಲೂಪ್ (ಉಪಕರಣಗಳ ಅರ್ಥ್ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಸೇರಿ ಬರುವ ತೊಂದರೆ) ಇರಬಹುದು. ಲ್ಯಾಪ್‌ಟಾಪ್, ಸ್ಪೀಕರ್ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಮೈಕ್‌ಗೆ ಎಕ್ಸ್‌ಎಲ್‌ಆರ್ ಕೇಬಲನ್ನೇ ಬಳಸಿ, ಅದು ಕರೆಂಟ್ ವೈರಿನ ಪಕ್ಕದಲ್ಲೇ ಓಡದಿರಲಿ. ಪ್ಲಗ್ಗಿನ ಅರ್ಥ್ ಪಿನ್ ಮುರಿದರೆ ಈ ‘ಗುಂಯ್’ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಜೀವಕ್ಕೆ ಅಪಾಯ.

ಇಷ್ಟು ಮಾಡಿ ಹಾಡಿದ ಮೇಲೆ ಸಾಫ್ಟ್‌ವೇರ್. ಪ್ರತಿ ಟೇಕ್‌ನ ಶುರುವಿನಲ್ಲಿ ಐದಾರು ಸೆಕೆಂಡು ಅಲುಗದೆ, ಉಸಿರು ಬಿಗಿಹಿಡಿದು ನಿಲ್ಲಿ. ಆ ತುಂಡೇ ನಾಯ್ಸ್ ಪ್ರೊಫೈಲ್‌ಗೆ, ಅಂದರೆ ಯಾವ ಸದ್ದು ತೆಗೆಯಬೇಕು ಅಂತ ಸಾಫ್ಟ್‌ವೇರಿಗೆ ತೋರಿಸುವ ಮಾದರಿಗೆ, ಬೇಕಾದದ್ದು. ಆಡಾಸಿಟಿ ಸಾಫ್ಟ್‌ವೇರಿನ ನಾಯ್ಸ್ ರಿಡಕ್ಷನ್‌ನಲ್ಲಿ ಅದನ್ನು ಸೆಲೆಕ್ಟ್ ಮಾಡಿ ಪ್ರೊಫೈಲ್ ತೆಗೆದುಕೊಂಡು, ಪೂರ್ತಿ ಹಾಡಿಗೆ 6 ಡಿಬಿಯಿಂದ ಶುರು ಮಾಡಿ. 12 ದಾಟಬೇಡಿ. ಅಲ್ಲೇ ‘ರೆಸಿಡ್ಯೂ’ ಅಂತ ಒಂದು ಆಯ್ಕೆ ಇದೆ. ಅದನ್ನು ಒತ್ತಿ ಪ್ರಿವ್ಯೂ ಕೇಳಿದರೆ ಏನನ್ನು ತೆಗೆದು ಎಸೆಯುತ್ತಿದ್ದೀರಿ ಅನ್ನುವುದು ಕಿವಿಗೆ ಬೀಳುತ್ತದೆ. ಬರೀ ‘ಶ್’ ಕೇಳಿದರೆ ಸರಿ. ನಿಮ್ಮ ಹಾಡಿನ ಮಾತು ಅದರಲ್ಲಿ ಕೇಳಿಸಿತೋ, ಸೆನ್ಸಿಟಿವಿಟಿ ಇಳಿಸಿ. ಈ ಒಂದು ಆಯ್ಕೆಯನ್ನು ಬಳಸಿದ್ದರೆ ಎರಡನೇ ಕ್ಲಿಪ್‌ನ ಉಸಿರು ಉಳಿಯುತ್ತಿತ್ತು.

ಪ್ರೊಫೈಲ್ ಒಂದೇ ಸಮನಾಗಿ ಇರುವ ಸದ್ದಿಗೆ ಮಾತ್ರ. ಹಾರ್ನ್, ನಾಯಿ ಬೊಗಳಿದ್ದು, ಬಾಗಿಲು ಬಡಿದದ್ದು ಇದರಿಂದ ಹೋಗುವುದಿಲ್ಲ. ಆ ಸಾಲನ್ನು ಇನ್ನೊಮ್ಮೆ ಹಾಡಿ ಸೇರಿಸುವುದೇ ಸುಲಭ. ಎಐ ಪ್ಲಗಿನ್‌ಗಳು ಮಾತಿಗೆ ಚೆನ್ನಾಗಿವೆ. ಹಾಡಿಗೆ ಹಾಕುವಾಗ ಉದ್ದಕ್ಕೆ ಎಳೆದ ಸ್ವರದ ಕೊನೆಯನ್ನು ಗಮನಿಸಿ, ಅಲ್ಲೇ ಕಚ್ಚುತ್ತವೆ.

ಕ್ರಮ ತಪ್ಪಬಾರದು. ಮೊದಲು ನಾಯ್ಸ್ ರಿಡಕ್ಷನ್, ಆಮೇಲೆ ಲೋ ಕಟ್, ಅಂದರೆ ತಳದ ಸದ್ದು ಕತ್ತರಿಸುವುದು (ಗಂಡು ದನಿಗೆ 80 ಹರ್ಟ್ಸ್ ಸುತ್ತ, ಹೆಣ್ಣು ದನಿಗೆ 100ರಿಂದ 120), ಆಮೇಲೆ ಕೈಯಿಂದ ಖಾಲಿ ಜಾಗ ಕತ್ತರಿಸುವುದು, ಕಂಪ್ರೆಸರ್ ಕೊನೆಗೆ. ಕಂಪ್ರೆಸರ್ ಜೋರು ದನಿಯನ್ನು 8 ಡಿಬಿ ಒತ್ತಿ, ನೀವು ಮೇಕಪ್ ಗೇನ್‌ನಲ್ಲಿ 8 ಏರಿಸಿದರೆ, ಸಾಲುಗಳ ನಡುವಿನ ಹಿಸ್ ಕೂಡ 8 ಡಿಬಿ ಏರುತ್ತದೆ. ನಿಮಗೆ ‘ಸದ್ದು ವಾಪಸ್ ಬಂತು’ ಅನ್ನಿಸಿದ್ದು ಇದರಿಂದಲೇ.

ಆ ಖಾಲಿ ಜಾಗಗಳಿಗೆ ಗೇಟ್ (ದನಿ ಸಣ್ಣದಾದಾಗ ತಾನೇ ಮುಚ್ಚಿಬಿಡುವ ಎಫೆಕ್ಟ್) ಹಾಕುವುದು ನನಗೆ ಇಷ್ಟವಿಲ್ಲ. ಪದದ ಕೊನೆಯನ್ನು ನುಂಗುತ್ತದೆ. ನಿಮ್ಮದು ಒಂದೇ ಹಾಡು, ಕೂತು ಕೈಯಲ್ಲೇ ಕತ್ತರಿಸಿ. ಚರಣಗಳ ನಡುವಿನ ಉದ್ದ ಖಾಲಿ ಪೂರ್ತಿ ತೆಗೆಯಿರಿ, ಎರಡೂ ತುದಿಗೆ 20, 30 ಮಿಲಿಸೆಕೆಂಡಿನ ಫೇಡ್ (ಸದ್ದು ಮೆಲ್ಲಗೆ ಏರಿ ಇಳಿಯುವಂತೆ ಮಾಡುವುದು) ಕೊಡಿ, ಇಲ್ಲದಿದ್ದರೆ ಟಿಕ್ ಅನ್ನುತ್ತದೆ. ಸಾಲಿನ ಮೊದಲ ಉಸಿರನ್ನು ಬಿಡಿ, ಬೇಕಾದರೆ 6 ಡಿಬಿ ಇಳಿಸಿ. ಹಾಡುವಾಗ ಹಿಂದೆ ಇರುವ ಹಿಸ್ ದನಿಯಲ್ಲೂ ಟ್ರ್ಯಾಕ್‌ನಲ್ಲೂ ಮುಚ್ಚಿಹೋಗುತ್ತದೆ. ಟ್ರ್ಯಾಕ್ ಇಲ್ಲದೆ ಬರೀ ದನಿ ಕೇಳಿ ‘ಇನ್ನೂ ಇದೆ, ಇನ್ನೂ ಇದೆ’ ಅಂತ ತೆಗೆಯುತ್ತಾ ಹೋಗಬೇಡಿ. ಟ್ರ್ಯಾಕ್ ಜೊತೆಗೆ, ಸಾಮಾನ್ಯವಾಗಿ ಕೇಳುವ ವಾಲ್ಯೂಮ್‌ನಲ್ಲಿ ಕೇಳಿಸದಿದ್ದರೆ ಅಲ್ಲಿಗೆ ನಿಲ್ಲಿಸಿ.

ಹೊಸದಾಗಿ ಹಾಡಿದ ಮೇಲೂ ಹಿಸ್ ಕಾಡಿದರೆ ಮೂರು ಫೈಲ್ ಇಲ್ಲಿ ಹಾಕಿ: ಏನೂ ಎಫೆಕ್ಟ್ ಹಾಕದ ಒಂದು ಸಾಲು, ಸುಮ್ನೆ ಕೂತ ಅರ್ಧ ನಿಮಿಷ, ಮೈಕ್ ಕಿತ್ತ ಅರ್ಧ ನಿಮಿಷ. ಮೂರೂ ಒಂದೇ ಗೇನ್‌ನಲ್ಲಿ ಇರಲಿ, ವೇವ್ ಫೈಲ್ ಆಗಿರಲಿ. ಎಂಪಿ3 ಆದರೆ ಹಿಸ್‌ನ ಮೇಲ್ಭಾಗವೇ ಕತ್ತರಿಸಿ ಹೋಗಿರುತ್ತದೆ, ಸರಿಯಾಗಿ ಗೊತ್ತಾಗುವುದಿಲ್ಲ.