ಓದುಗರ ಪ್ರಶ್ನೆ: ಕಡಲಿಲ್ಲದ ದೇಶದ ಎಣ್ಣೆಗೆ ದಾರಿ ಯಾವುದು?

ಕಜಕಸ್ತಾನದ ಎಣ್ಣೆ ರಷ್ಯಾ ದಾಟಿ ಹೊರಗೆ ಹೋಗತ್ತೆ ಅಂತ ಹೋದ ಸಂಚಿಕೇಲಿ ನಾಲ್ಕು ಸಾಲು ಬರೆದಿದ್ದಕ್ಕೆ ಬಂದ ಪತ್ರಗಳು ಇವು. ಒಂದೇ ಥರದವನ್ನ ಸೇರಿಸಿ ಉತ್ತರ ಕೊಟ್ಟಿದೀನಿ.

ಪ್ರಶ್ನೆ: ನಮ್ಮ ಬೆಂಗಳೂರಿಗೂ ಸಮುದ್ರ ಇಲ್ಲ, ಆದ್ರೂ ಬಂಕಲ್ಲಿ ಪೆಟ್ರೋಲಿಗೆ ಏನೂ ಬರ ಇಲ್ಲ. ಆ ದೇಶಗಳು ಮಾತ್ರ ಯಾಕೆ ಇಷ್ಟು ಒದ್ದಾಡ್ತವೆ? (ರಾಜಾಜಿನಗರ)

ಪೈಪಿನ ಲೆಕ್ಕದಲ್ಲಿ ನೋಡಿದ್ರೆ ವ್ಯತ್ಯಾಸ ಏನೂ ಇಲ್ಲ. ಮಂಗಳೂರಿಂದ ಹಾಸನ ದಾಟಿ, ಹೊಸಕೋಟೆ ಹತ್ರ ಇರೋ ದೇವನಗೊಂದಿಗೆ ಸುಮಾರು 362 ಕಿಲೋಮೀಟರ್ ಪೈಪ್‌ಲೈನ್ ಬರತ್ತೆ, ಪೆಟ್ರೋಲು ಡೀಸೆಲ್ಲು ಒಂದರ ಹಿಂದೆ ಒಂದು ಅದೇ ಪೈಪಲ್ಲಿ ಘಟ್ಟ ಹತ್ತಿ ಬರ್ತವೆ. ಆದ್ರೆ ದಾರೀಲಿರೋ ಯಾವ ಜಿಲ್ಲೆಯೂ ಬ್ಯಾರಲ್‌ಗೆ ಇಷ್ಟು ಕೊಡಿ, ಇಲ್ದಿದ್ರೆ ವಾಲ್ವ್ ಮುಚ್ತೀವಿ ಅನ್ನೋಕಾಗಲ್ಲ. ಒಂದೇ ಸರ್ಕಾರ, ಒಂದೇ ಕಾನೂನು, ಜಗಳ ಬಂದ್ರೆ ಹೋಗೋಕೆ ಒಂದು ಕೋರ್ಟು ಇದೆ. ಗಡಿ ದಾಟಿದ ತಕ್ಷಣ ಇದ್ಯಾವುದೂ ಇರಲ್ಲ, ಅಲ್ಲಿ ನಡೆಯೋದು ಒಪ್ಪಂದ ಮತ್ತು ಅದನ್ನ ಪಾಲಿಸೋ ಮನಸ್ಸು, ಎರಡೇ.

ಅಂತಾರಾಷ್ಟ್ರೀಯ ಕಾನೂನು ಇಲ್ವಾ ಅಂತ ಮಲ್ಲೇಶ್ವರದ ಇನ್ನೊಬ್ಬರು ಕೇಳಿದಾರೆ. ಇದೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 125ನೇ ವಿಧಿ ಕಡಲಿಲ್ಲದ ದೇಶಗಳಿಗೆ ಸಮುದ್ರ ತಲುಪೋ ಹಕ್ಕನ್ನ ಕೊಡತ್ತೆ, ಪಕ್ಕದ ದೇಶದ ಮೂಲಕ ಸರಕು ಸಾಗಿಸ್ಬಹುದು ಅನ್ನತ್ತೆ. ಯಾವುದರಲ್ಲಿ ಸಾಗಿಸ್ಬಹುದು ಅನ್ನೋದು 124ನೇ ವಿಧೀಲಿದೆ. ರೈಲು, ಹಡಗು, ದೋಣಿ, ಲಾರಿ, ಅಲ್ಲಿನ ಪರಿಸ್ಥಿತಿಗೆ ಬೇಕಾದ್ರೆ ಹಮಾಲರು ಮತ್ತು ಹೇರು ಹೊರೋ ಪ್ರಾಣಿಗಳು ಕೂಡ. ಪೈಪ್‌ಲೈನ್ ಮಾತ್ರ ಎರಡೂ ದೇಶ ಒಪ್ಪಿದ್ರೆ ಸೇರಿಸ್ಕೋಬಹುದು ಅಂತ ಬಿಟ್ಟಿದಾರೆ. ಅಂದ್ರೆ ಕತ್ತೆ ಮೇಲೆ ಹೇರಿದ ಸರಕಿಗೆ ಇರೋ ಜಾಗ ಪೈಪಿನೊಳಗಿನ ಎಣ್ಣೆಗೆ ತಾನಾಗೇ ಸಿಗಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಪ್ರಶ್ನೆ: ದಕ್ಷಿಣ ಸುಡಾನ್ ತನ್ನ ಎಣ್ಣೆ ಬಾವಿಗಳನ್ನ ತಾನೇ ಮುಚ್ಚಿಕೊಂಡಿತ್ತು ಅಂತ ಓದಿದೆ. ಯಾರಾದ್ರೂ ತಮ್ಮ ಆದಾಯಾನ ತಾವೇ ನಿಲ್ಲಿಸ್ತಾರಾ? (ಜಯನಗರ)

ನಿಲ್ಲಿಸಿದ್ರು. ಇದನ್ನ ಸ್ವಲ್ಪ ವಿವರವಾಗೇ ಹೇಳ್ತೀನಿ, ಯಾಕಂದ್ರೆ ಕಡಲಿಲ್ಲದ ದೇಶದ ಕಷ್ಟ ಇಷ್ಟು ನೇರವಾಗಿ ಬೇರೆಲ್ಲೂ ಕಾಣಲ್ಲ.

2011ರ ಜುಲೈ 9ಕ್ಕೆ ದಕ್ಷಿಣ ಸುಡಾನ್ ಸ್ವತಂತ್ರ ಆಯ್ತು. ಹಳೇ ಸುಡಾನಿನ ಎಣ್ಣೇಲಿ ಮುಕ್ಕಾಲು ಪಾಲು ಇವರ ಕಡೆ ಬಂತು, ಪೈಪ್‌ಲೈನು, ರಿಫೈನರಿ, ಕೆಂಪು ಸಮುದ್ರದ ಬಂದರು ಎಲ್ಲಾ ಉತ್ತರದವರ ಕಡೆ ಉಳೀತು. ಹೊಸ ಸರ್ಕಾರದ ಆದಾಯದಲ್ಲಿ ಸುಮಾರು 98 ಪರ್ಸೆಂಟ್ ಎಣ್ಣೆಯಿಂದಲೇ. ಸಾಗಣೆಗೆ ಎಷ್ಟು ಕೊಡ್ಬೇಕು ಅನ್ನೋದನ್ನ ಮಾತ್ರ ಬೇರೆ ಆಗೋಕೆ ಮುಂಚೆ ತೀರ್ಮಾನ ಮಾಡ್ಕೊಂಡಿರಲಿಲ್ಲ. ಉತ್ತರದವರು ಬ್ಯಾರಲ್‌ಗೆ 36 ಡಾಲರ್ ಕೇಳಿದ್ರು, ಇವರು ಒಂದು ಡಾಲರ್‌ಗಿಂತ ಕಮ್ಮಿ ಅಂದ್ರು. ಮಾತುಕತೆ ಮುರೀತು, ಬಾಕಿ ಲೆಕ್ಕಕ್ಕೆ ಅಂತ ಸುಡಾನ್ ಇವರ ಎಣ್ಣೆ ಹಿಡ್ಕೊಳ್ಳೋಕೆ ಶುರು ಮಾಡ್ತು, ಅದನ್ನ ಕಳ್ಳತನ ಅಂತ ಕರೆದು 2012ರ ಜನವರೀಲಿ ಜೂಬಾ (ದಕ್ಷಿಣ ಸುಡಾನಿನ ರಾಜಧಾನಿ) ಸರ್ಕಾರ ದಿನಕ್ಕೆ ಸುಮಾರು 3,50,000 ಬ್ಯಾರಲ್ ಬರ್ತಿದ್ದ ಉತ್ಪಾದನೆಯನ್ನ ಪೂರ್ತಿ ಬಂದ್ ಮಾಡಿತು. ಸೆಪ್ಟೆಂಬರಲ್ಲಿ ಅಡಿಸ್ ಅಬಾಬಾದಲ್ಲಿ ಒಪ್ಪಂದ ಆಯ್ತು, ಮಾರ್ಗ ನೋಡಿ ಬ್ಯಾರಲ್‌ಗೆ 9ರಿಂದ 11 ಡಾಲರ್ ಶುಲ್ಕ, ಅದರ ಮೇಲೆ ಕೆಲವು ವರ್ಷ 15 ಡಾಲರ್ ಪರಿಹಾರ. ಮತ್ತೆ ಎಣ್ಣೆ ಹರಿಯೋ ಹೊತ್ತಿಗೆ 2013ರ ಏಪ್ರಿಲ್. ಒಂದು ವರ್ಷಕ್ಕೂ ಮೇಲೆ ಹೊಸ ದೇಶದ ಕೈಯಲ್ಲಿ ಕಾಸಿಲ್ಲ, ಸುಡಾನಿಗೂ ಅಷ್ಟೇ ಪೆಟ್ಟು.

ಅಷ್ಟಕ್ಕೇ ಮುಗೀಲಿಲ್ಲ. 2023ರ ಏಪ್ರಿಲಲ್ಲಿ ಸುಡಾನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಯುದ್ಧ ಶುರುವಾಯ್ತು, ಪೈಪ್‌ಲೈನ್ ಇರೋದು ಆ ನೆಲದಲ್ಲೇ. ಅಲ್ಲಿನ ದಾರ್ ಬ್ಲೆಂಡ್ ಅನ್ನೋ ಕಚ್ಚಾ ಎಣ್ಣೇಲಿ ಮೇಣ ಜಾಸ್ತಿ, ಚಳಿಗಾಲದ ತೆಂಗಿನೆಣ್ಣೆ ಥರ ತಣ್ಣಗಾದ್ರೆ ಗಟ್ಟಿಯಾಗತ್ತೆ, ಅದಕ್ಕೇ ದಾರಿಯುದ್ದಕ್ಕೂ ಬಿಸಿ ಮಾಡ್ತಾ ಪಂಪ್ ಮಾಡ್ತಾ ಇರ್ಬೇಕು. ಪಂಪಿಂಗ್ ಸ್ಟೇಷನ್‌ಗೆ ಡೀಸೆಲ್ ಹೋಗ್ಲಿಲ್ಲ ಅಂದ್ರೆ ಪೈಪೊಳಗೇ ಹೆಪ್ಪುಗಟ್ಟತ್ತೆ. 2024ರ ಫೆಬ್ರವರೀಲಿ ಆ ಲೈನು ಹಾಗೆ ಕಟ್ಟಿಕೊಂಡು ಒಡೆದು ನಿಂತಿತು, ವರ್ಷದ ಹತ್ರ ನಿಂತೇ ಇತ್ತು, ಜೂಬಾದಲ್ಲಿ ಸರ್ಕಾರಿ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಆಗ್ಲಿಲ್ಲ. ಯಾರದೋ ಯುದ್ಧ, ಸಂಬಳ ನಿಂತಿದ್ದು ಇನ್ಯಾರದೋ ಮನೇಲಿ.

ನಮಗೂ ಆ ನೆಲಕ್ಕೂ ಸಂಬಂಧ ಇದೆ. ದೇಶ ಒಂದಾಗಿದ್ದಾಗ ನಮ್ಮ ಸರ್ಕಾರಿ ಎಣ್ಣೆ ಕಂಪನಿ ಓಎನ್‌ಜಿಸಿ ವಿದೇಶ್ ಅಲ್ಲಿ ಪಾಲು ತಗೊಂಡಿತ್ತು, 2003ರಲ್ಲಿ ಆ ಪಾಲಿನ ಎಣ್ಣೆ ಹೊತ್ತ ಹಡಗು ಬಂದು ನಿಂತಿದ್ದು ನಮ್ಮ ಮಂಗಳೂರಲ್ಲಿ.

ಪ್ರಶ್ನೆ: ಪೈಪಿನ ಸಹವಾಸವೇ ಬೇಡ, ಟ್ಯಾಂಕರ್ ಲಾರೀಲಿ ಕಳಿಸಿದ್ರಾಯ್ತಲ್ಲ? (ಕೆಂಗೇರಿ)

ಲೆಕ್ಕ ಹಾಕಿ ನೋಡಿ. ಒಂದು ಬ್ಯಾರಲ್ ಅಂದ್ರೆ 159 ಲೀಟರ್, 20,000 ಲೀಟರಿನ ಟ್ಯಾಂಕರಿಗೆ ಸುಮಾರು 125 ಬ್ಯಾರಲ್ ಹಿಡಿಯತ್ತೆ. ದಿನಕ್ಕೆ 3,50,000 ಬ್ಯಾರಲ್ ಅಂದ್ರೆ ದಿನಾ 2,800 ಟ್ಯಾಂಕರ್ ಹೊರಡ್ಬೇಕು, ಅಷ್ಟೇ ವಾಪಸ್ ಬರ್ಬೇಕು, ಸಾವಿರಾರು ಕಿಲೋಮೀಟರ್, ಅದೂ ಮಳೆಗಾಲದಲ್ಲಿ ಕೊಚ್ಚೆಯಾಗೋ ರಸ್ತೇಲಿ. ಆಗಲ್ಲ.

ಪ್ರಶ್ನೆ: ಕಜಕಸ್ತಾನಕ್ಕೆ ಕ್ಯಾಸ್ಪಿಯನ್ ಸಮುದ್ರ ಇದೆಯಲ್ಲ, ಆಮೇಲೂ ರಷ್ಯಾ ಯಾಕೆ ಬೇಕು? (ವಿಜಯನಗರದ ಒಬ್ಬ ಸ್ಪರ್ಧಾತ್ಮಕ ಪರೀಕ್ಷಾರ್ಥಿ)

ಕ್ಯಾಸ್ಪಿಯನ್ ಸುತ್ತಲೂ ನೆಲವೇ, ಸಾಗರಕ್ಕೆ ತೆರೆದುಕೊಳ್ಳಲ್ಲ. ವೋಲ್ಗಾ-ಡಾನ್ ಕಾಲುವೆ ಇದೆ, ಆದ್ರೆ ಅದೂ ರಷ್ಯಾದೊಳಗೇ, ದೊಡ್ಡ ಟ್ಯಾಂಕರ್ ಹಿಡಿಯಲ್ಲ. ಹಾಗಾಗಿ ತೆಂಗಿಜ್ ಬಾವಿಗಳಿಂದ ಕಪ್ಪು ಸಮುದ್ರದ ನೊವೊರೊಸ್ಸಿಸ್ಕ್ ತನಕ ಸುಮಾರು 1,500 ಕಿಲೋಮೀಟರ್ ಸಿಪಿಸಿ (ಕ್ಯಾಸ್ಪಿಯನ್ ಪೈಪ್‌ಲೈನ್ ಕನ್ಸೋರ್ಷಿಯಂ) ಪೈಪ್‌ಲೈನ್, 2001ರಲ್ಲಿ ಶುರುವಾಗಿದ್ದು, ಕಜಕಸ್ತಾನ ರಫ್ತು ಮಾಡೋ ಎಣ್ಣೇಲಿ ಸುಮಾರು 80 ಪರ್ಸೆಂಟ್ ಇದರಲ್ಲೇ ಹೋಗತ್ತೆ. ಇದರಲ್ಲಿ ರಷ್ಯಾದ್ದೂ ಪಾಲಿದೆ, ಶೆವ್ರಾನ್ ಥರದ ಅಮೆರಿಕದ ಕಂಪನಿಗಳದ್ದೂ ಇದೆ. ಎಲ್ಲರಿಗೂ ಲಾಭ ಇದ್ರೆ ಯಾರೂ ಮುಟ್ಟಲ್ಲ ಅಂತ ಲೆಕ್ಕ. ಆದ್ರೂ 2022ರಲ್ಲಿ ಬಿರುಗಾಳಿಗೆ ಲೋಡಿಂಗ್ ಉಪಕರಣ ಹಾಳಾಯ್ತು, ಆಮೇಲೆ ರಷ್ಯಾದ ಕೋರ್ಟೊಂದು 30 ದಿನ ನಿಲ್ಲಿಸಿ ಅಂತ ಆದೇಶ ಕೊಟ್ಟು ಮೇಲಿನ ಕೋರ್ಟು ಅದನ್ನ ದಂಡಕ್ಕೆ ಇಳಿಸ್ತು, 2025ರಲ್ಲಿ ಪಂಪಿಂಗ್ ಸ್ಟೇಷನ್ ಮೇಲೆ ಡ್ರೋನ್ ದಾಳಿ ಆಯ್ತು.

ಪಕ್ಕದ ಅಜರ್‌ಬೈಜಾನ್ ಇದನ್ನ ಮೊದಲೇ ಯೋಚಿಸಿತ್ತು. ಬಾಕುವಿಂದ ಟಿಬಿಲಿಸಿ ಮೇಲೆ ಟರ್ಕಿಯ ಜೈಹಾನ್ ಬಂದರಿಗೆ 1,768 ಕಿಲೋಮೀಟರ್, 2006ರಿಂದ ಎಣ್ಣೆ ಹೋಗ್ತಿದೆ, ರಷ್ಯಾನೂ ಬೇಡ, ಇಕ್ಕಟ್ಟಿನ ಬಾಸ್ಫರಸ್ ಜಲಸಂಧೀನೂ ಬೇಡ. ಕಜಕಸ್ತಾನದವರೂ ಈಗ ಸ್ವಲ್ಪ ಎಣ್ಣೇನ ಹಡಗಲ್ಲಿ ಬಾಕುಗೆ ದಾಟಿಸಿ ಇದೇ ಲೈನಿಗೆ ಬಿಡ್ತಿದಾರೆ, ಚೀನಾ ಕಡೆಗೂ ಒಂದು ಪೈಪ್ ಇದೆ. ನನ್ನ ಕೇಳಿದ್ರೆ ಕಡಲಿಲ್ಲದ ದೇಶಕ್ಕೆ ಒಪ್ಪಂದದ ಕಾಗದಕ್ಕಿಂತ ಎರಡನೇ ದಾರಿಯೇ ನಿಜವಾದ ರಕ್ಷಣೆ, ಅದಕ್ಕೆ ಖರ್ಚು ಜಾಸ್ತಿ ಆದ್ರೂ ಸರಿ. ಒಂದೇ ದಾರಿ ಇರೋವನ ಹತ್ರ ಚೌಕಾಸಿಗೆ ಏನೂ ಇರಲ್ಲ.

ಪ್ರಶ್ನೆ: ತುರ್ಕಮೆನಿಸ್ತಾನದ ಗ್ಯಾಸ್ ಭಾರತಕ್ಕೆ ಬರತ್ತೆ ಅಂತ ಕೇಳ್ತಾನೇ ಇದೀವಿ. ಯಾವಾಗ? (ಯಲಹಂಕ)

ತಾಪಿ ಯೋಜನೆ ಬಗ್ಗೆ ಕೇಳ್ತಿದೀರ, ತುರ್ಕಮೆನಿಸ್ತಾನ, ಅಫ್ಘಾನಿಸ್ತಾನ, ಪಾಕಿಸ್ತಾನ, ಇಂಡಿಯಾ ಅನ್ನೋ ನಾಲ್ಕು ದೇಶಗಳ ಮೊದಲಕ್ಷರ ಸೇರಿಸಿದ ಹೆಸರು ಅದು. ಗಾಲ್ಕಿನಿಶ್ ಗ್ಯಾಸ್ ಕ್ಷೇತ್ರದಿಂದ ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಪಂಜಾಬಿನ ಫಾಜಿಲ್ಕಾಗೆ ಸುಮಾರು 1,814 ಕಿಲೋಮೀಟರ್. 2015ರ ಡಿಸೆಂಬರಲ್ಲಿ ಶಂಕುಸ್ಥಾಪನೆ ಆಯ್ತು, 2024ರಲ್ಲಿ ಹೆರಾತ್ ಕಡೆಗೆ ಕೆಲಸ ಶುರು ಅಂತ ಮತ್ತೊಂದು ಸಮಾರಂಭ. ಪಾಕಿಸ್ತಾನ ದಾಟಿ ಬರೋ ಗ್ಯಾಸನ್ನ ನಂಬಿ ನಮ್ಮವರು ಫ್ಯಾಕ್ಟರಿ ಕಟ್ತಾರೆ ಅಂತ ನನಗೆ ಅನ್ಸಲ್ಲ, ಸದ್ಯಕ್ಕೆ ಆಸೆ ಇಟ್ಕೋಬೇಡಿ. ನಮ್ಮೂರಿನ ಪೈಪ್ ಗ್ಯಾಸ್ ದಾಭೋಳದ ಲೈನಿಂದ ಬರ್ತಿದೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಪ್ರಶ್ನೆ: ಪೈಪ್‌ಲೈನ್ ಬಂದ್ರೆ ಅಲ್ಲಿನ ಬಡವರಿಗೆ ಏನಾದ್ರೂ ಸಿಗತ್ತಾ? (ಬನಶಂಕರಿ)

ಚಾಡ್ ದೇಶದಲ್ಲಿ ಸಿಗ್ಲೇಬೇಕು ಅಂತ ಕಾನೂನೇ ಮಾಡಿದ್ರು. ಡೋಬಾದಿಂದ ಕ್ಯಾಮರೂನಿನ ಕ್ರಿಬಿ ತನಕ 1,070 ಕಿಲೋಮೀಟರ್ ಪೈಪಿಗೆ ವಿಶ್ವ ಬ್ಯಾಂಕ್ ಬೆಂಬಲ ಕೊಟ್ಟಿದ್ದೇ, ದುಡ್ಡಲ್ಲಿ ಹೆಚ್ಚಿನ ಪಾಲು ಶಾಲೆ, ಆಸ್ಪತ್ರೆ, ರಸ್ತೆ ಇಂಥದಕ್ಕೆ, ಸ್ವಲ್ಪ ಮುಂದಿನ ಪೀಳಿಗೆಗೆ ಅನ್ನೋ ಷರತ್ತಿನ ಮೇಲೆ. 2003ರಲ್ಲಿ ಎಣ್ಣೆ ಹರೀತು. 2006ರ ಹೊತ್ತಿಗೆ ಸರ್ಕಾರ ಕಾನೂನು ತಿದ್ದಿ ಪೀಳಿಗೆಯ ನಿಧಿ ತೆಗೆದುಹಾಕಿತ್ತು, ಭದ್ರತೆಗೂ ಆ ದುಡ್ಡು ಬಳಸೋ ಹಾಗೆ ಮಾಡ್ಕೊಂಡಿತ್ತು, 2008ರಲ್ಲಿ ವಿಶ್ವ ಬ್ಯಾಂಕಿನ ಸಾಲ ತೀರಿಸಿ ಆ ಷರತ್ತಿನಿಂದಲೇ ಹೊರಬಂತು. ಆ ಜನಕ್ಕೆ ಆಗಿದ್ದು ಮೋಸ, ಬೇರೆ ಮಾತಿಲ್ಲ.

ಪ್ರಶ್ನೆ: ಭಾರತವೂ ಯಾರಿಗಾದ್ರೂ ಹೀಗೆ ದಾರಿ ಕೊಡೋ ದೇಶವಾ? (ಹೆಬ್ಬಾಳ)

ನೇಪಾಳಕ್ಕೆ. ಅಲ್ಲಿ ಎಣ್ಣೆ ಹೊರಗೆ ಹೋಗಲ್ಲ, ಒಳಗೆ ಬರ್ಬೇಕು, ಅದೂ ನಮ್ಮ ಕಡೆಯಿಂದ. 2015ರಲ್ಲಿ ಗಡಿ ಬಂದ್ ಆಗಿ ಅಲ್ಲಿ ಅಡಿಗೆ ಗ್ಯಾಸಿಗೂ ಜನ ಪರದಾಡಿದ್ರು, ಅದೂ ಭೂಕಂಪ ಆದ ವರ್ಷವೇ. 2019ರ ಸೆಪ್ಟೆಂಬರಲ್ಲಿ ಬಿಹಾರದ ಮೋತಿಹಾರಿಯಿಂದ ಅಮ್ಲೇಖ್‌ಗಂಜ್‌ಗೆ 69 ಕಿಲೋಮೀಟರ್ ಡೀಸೆಲ್ ಪೈಪ್ ಶುರುವಾಯ್ತು, ಸಿಲಿಗುರಿಯಿಂದ ಝಾಪಾಗೆ ಇನ್ನೊಂದಕ್ಕೆ 2024ರಲ್ಲಿ ಒಪ್ಪಂದ ಆಗಿದೆ. ಲಾರಿ ಖರ್ಚು ಉಳಿಯತ್ತೆ, ಅದು ಒಳ್ಳೇದೇ. ಆದ್ರೆ ಎರಡೂ ಪೈಪು ನಮ್ಮ ನೆಲದಿಂದಲೇ ಹೋಗೋದು, ಹಾಗಾಗಿ ಅದನ್ನ ಎರಡನೇ ದಾರಿ ಅಂತ ಕರೆಯೋಕೆ ನಾನು ಒಪ್ಪಲ್ಲ.