ಲೇಔಟಿಗೆ ಬಂದ ಮೇಲೆ ತೂಕ ಏರಿತು, ತಪ್ಪು ಯಾರದು?

ತುಮಕೂರಿನ ಓದುಗರೊಬ್ಬರ ಪತ್ರ. ಚಿಕ್ಕಪೇಟೆಯ ಬಾಡಿಗೆ ಮನೆ ಬಿಟ್ಟು ಊರಾಚೆಯ ಲೇಔಟಿನಲ್ಲಿ ಮನೆ ಕಟ್ಟಿಕೊಂಡು ಎರಡು ವರ್ಷ ಆಯಿತಂತೆ, ಅಷ್ಟರಲ್ಲಿ ಆರು ಕೆ.ಜಿ. ಜಾಸ್ತಿ ಆಗಿದ್ದಾರಂತೆ. "ಊಟ ಮೊದಲಿನಷ್ಟೇ. ವಾಕಿಂಗ್ ಹೋಗೋಣ ಅಂದ್ರೆ ಫುಟ್‌ಪಾತ್ ಇಲ್ಲ, ನಾಯಿ ಕಾಟ ಬೇರೆ. ಜಾಗಕ್ಕೂ ತೂಕಕ್ಕೂ ಸಂಬಂಧ ಇದೆಯಾ, ಇಲ್ಲ ನಾನೇ ನೆಪ ಹುಡುಕ್ತಿದ್ದೀನಾ?"

ಸಂಬಂಧ ಇದೆ ಮೇಡಂ, ಪೂರ್ತಿ ನೆಪ ಅಲ್ಲ. ಚಿಕ್ಕಪೇಟೆಯಲ್ಲಿ ಹಾಲಿಗೊಂದು ಸಲ, ಹೂವಿಗೊಂದು ಸಲ, ದಿನಸಿಗೆ ಮಂಡಿಪೇಟೆಗೆ ಒಂದು ಸಲ ಅಂತ ಓಡಾಡುತ್ತಿದ್ದಿರಲ್ಲ, ಅದನ್ನು ನೀವು ವ್ಯಾಯಾಮ ಅಂತ ಲೆಕ್ಕ ಹಾಕಿರಲೇ ಇಲ್ಲ. ಈಗ ಕೊತ್ತಂಬರಿ ಸೊಪ್ಪು ಮರೆತರೂ ಸ್ಕೂಟಿ ಕೀ ಹುಡುಕಬೇಕು. ಊಟ ಮೊದಲಿನಷ್ಟೇ ಇದೆ, ನಡಿಗೆ ಇಲ್ಲ.

ಕೆನಡಾದ ಒಂಟಾರಿಯೊದ ನಗರಗಳಲ್ಲಿ 2001ರಿಂದ 2012ರವರೆಗೆ ಸಂಶೋಧಕರು ಇದನ್ನೇ ಗಮನಿಸಿದ್ದರು. ನಡೆದೇ ಅಂಗಡಿಗೆ ಹೋಗಬಹುದಾದ ಬಡಾವಣೆಗಳಲ್ಲಿ ಅತಿತೂಕದವರ ಪ್ರಮಾಣ ಹೆಚ್ಚುಕಮ್ಮಿ ಅಷ್ಟೇ ಉಳಿಯಿತು, ಕಾರಿಲ್ಲದೆ ಆಗದ ಕಡೆ ಏರಿತು. ಆದರೆ ಇಲ್ಲೊಂದು ತೊಡಕಿದೆ. ನಡೆಯೋದು ಇಷ್ಟ ಇರುವವರು ಅಂಥ ಜಾಗವನ್ನೇ ಹುಡುಕಿಕೊಂಡು ಹೋಗಿ ಮನೆ ಮಾಡುತ್ತಾರೆ, ಅಲ್ವಾ? ಹಾಗಾಗಿ ಎಲ್ಲ ಕೀರ್ತಿಯೂ ರಸ್ತೆಗೇ ಸೇರೋದಿಲ್ಲ. ನಿಮ್ಮ ವಿಷಯ ಬೇರೆ, ನೀವು ಹುಡುಕಿದ್ದು ನಡೆಯೋ ಜಾಗವನ್ನಲ್ಲ, ಕೈಗೆಟುಕುವ ಸೈಟನ್ನು.

ಹಾಗಂತ ಆರು ಕೆ.ಜಿ.ಯನ್ನೂ ಲೇಔಟಿನ ತಲೆಗೆ ಕಟ್ಟಬೇಡಿ. ಒಂದು ಕಿಲೋಮೀಟರ್ ನಡೆದರೆ ಖರ್ಚಾಗೋದು ಸುಮಾರು 50 ಕ್ಯಾಲೊರಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮೇಲೆ ಒಂದು ದೊಡ್ಡ ಚಮಚ ಬೆಣ್ಣೆ ಬಿತ್ತು ಅಂದ್ರೆ ಅದೊಂದೇ 100 ಕ್ಯಾಲೊರಿ, ಅಂದ್ರೆ ಎರಡು ಕಿಲೋಮೀಟರ್! (ಇಡ್ಲಿ ಬಿಡಿ ಅಂತ ನಾನಂತೂ ಹೇಳಲ್ಲ.) ಬರೀ ನಡಿಗೆಯಿಂದ ತೂಕ ಇಳಿಯೋದು ನಿಧಾನ. ಏರದಂತೆ ತಡೆಯೋದಕ್ಕೆ, ಸಕ್ಕರೆ ಕಾಯಿಲೆ, ಬಿ.ಪಿ. ದೂರ ಇಡೋದಕ್ಕೆ ಅದು ಜಾಸ್ತಿ ಉಪಯೋಗ. ಒಮ್ಮೆ ಥೈರಾಯ್ಡ್, ಶುಗರ್ ಪರೀಕ್ಷೆಯನ್ನೂ ಮಾಡಿಸಿಬಿಡಿ.

ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಒಂದೇ ಸಲ ಆಗಬೇಕಿಲ್ಲ, ಐದೈದು ನಿಮಿಷವೂ ಲೆಕ್ಕಕ್ಕೆ ಬರುತ್ತೆ. ಬೆಳಗಿನ ವಾಕಿಂಗ್ ಆಸೆ ಸದ್ಯಕ್ಕೆ ಬಿಡಿ. ಹೇಗೂ ಪೇಟೆಗೆ ಬರುತ್ತೀರಿ, ಸ್ಕೂಟಿಯನ್ನು ಒಂದು ಕಡೆ ನಿಲ್ಲಿಸಿ, ತರಕಾರಿ, ಬ್ಯಾಂಕು, ಟೈಲರ್ ಎಲ್ಲಾ ನಡೆದೇ ಮುಗಿಸಿ. ಅಂಗಡಿಯಿಂದ ಅಂಗಡಿಗೆ ಗಾಡಿ ಸ್ಟಾರ್ಟ್ ಮಾಡಬೇಡಿ. ಸಮಯ ಇದ್ದ ದಿನ ಅಮಾನಿಕೆರೆ ಪಾರ್ಕಿನಲ್ಲಿ ಎರಡು ಸುತ್ತು ಹಾಕಿ.

ನಾಯಿಗಳಿಗೆ ಏನು ಉಪಾಯ ಅಂತಲೂ ಕೇಳಿದ್ದೀರಿ. ನನಗೂ ಗೊತ್ತಿಲ್ಲ. ನಮ್ಮ ಬೀದಿಯ ಕೊನೆಯಲ್ಲೂ ಮೂರಿವೆ, ನಾನು ಸುಮ್ನೆ ಸುತ್ತು ಹಾಕಿಕೊಂಡು ಪಕ್ಕದ ಕ್ರಾಸಿನಲ್ಲಿ ಹೋಗುತ್ತೇನೆ.

– ಸಂಪಾದಕ